ಬೆಳ್ಳಿ ಬಿಲ್ಲೆ ಮತ್ತು ಸಾಕ್ಷಿ

ನಮ್ಮ ಮನೆಯ ಷೋಕೇಸಿನ ಕೆಳಖಾನೆಯಲ್ಲಿ ನನ್ನದೊಂದು ಪದಕವಿದೆ. ಹಿತ್ತಾಳೆಯದೋ, ಹಿತ್ತಾಳೆಯ ಹೆಸರಿನಲ್ಲಿ ಮಾರಿದ ಇನ್ಯಾವುದೋ ಲೋಹದ್ದೋ ಗೊತ್ತಿಲ್ಲ. ಐವತ್ತು ವರ್ಷದಲ್ಲಿ ಕಾಡಿಗೆಯಷ್ಟು ಕಪ್ಪಾಗಿ, ಯಾವ ಬೀಗಕ್ಕೂ ಹೊಂದದ ಬೀಗದಕೈಗಳ ಗೊಂಚಲಿನ ಪಕ್ಕದಲ್ಲಿ ಮಲಗಿದೆ. ಹೈಸ್ಕೂಲಿನಲ್ಲಿದ್ದಾಗ ಗೋಣಿಚೀಲದ ಓಟದಲ್ಲಿ ಮೂರನೆಯ ಸ್ಥಾನ. ಓಡಿದವರು ಮೂವರೇ ಎಂಬ ವಿವರವನ್ನು ನಾನಾಗಿ ಯಾರಿಗೂ ಹೇಳಿದವನಲ್ಲ. ಹೇಳಿದವಳು ನನ್ನ ತಂಗಿ. ಅವಳೂ ಅದೇ ಶಾಲೆ. ಮೈದಾನದ ಅಂಚಿನ ಬೇವಿನ ಮರದ ಕೆಳಗೆ ನಿಂತು ಕಣ್ಣಾರೆ ಕಂಡವಳು. ನನ್ನ ಮದುವೆಯಾದ ಹೊಸತರಲ್ಲೇ ಅತ್ತಿಗೆಯ ಮುಂದೆ ಸಾಕ್ಷಿ ನುಡಿದುಬಿಟ್ಟಳು. ಅವತ್ತೇ ಪದಕ ಮೇಲಿನ ಖಾನೆಯಿಂದ ಕೆಳಖಾನೆಗೆ ಇಳಿಯಿತು.

ಇದೆಲ್ಲ ನೆನಪಾದದ್ದು ಈಚೆಗೆ ಮನೆಮಂದಿಯೆಲ್ಲ ಕೂತು 'ಸ್ಕೈ ಫೋರ್ಸ್' ಎಂಬ ಹಿಂದಿ ಸಿನಿಮಾ ನೋಡುತ್ತಿದ್ದಾಗ. 1965ರ ಯುದ್ಧದಲ್ಲಿ ಪಾಕಿಸ್ತಾನದ ಸರ್ಗೋಧಾದ ಮೇಲೆ ದಾಳಿಗೆ ಹೋಗಿ ಮರಳಿ ಬಾರದ ಪೈಲಟ್ ಒಬ್ಬನ ಕಥೆ. ವಿಮಾನಗಳು ಅತ್ತಿಂದಿತ್ತ ಸುಯ್ಯನೆ ಹಾಯುತ್ತಿದ್ದವು, ಹಿನ್ನೆಲೆ ಸಂಗೀತ ಕಿವಿ ಕಿತ್ತುಹೋಗುವ ಹಾಗೆ ಬಾರಿಸುತ್ತಿತ್ತು. ಚಕ್ಕುಲಿ ಮುರಿಯುತ್ತಿದ್ದ ನನ್ನ ಮೊಮ್ಮಗ ಇದ್ದಕ್ಕಿದ್ದಂತೆ ಕೇಳಿದ:

"ತಾತ, ಪ್ಲೇನ್ ಓಡಿಸೋವಾಗ ಇವರು ಮೆಡಲ್ ಹಾಕ್ಕೊಂಡಿರ್ತಾರಾ?"

"ಇಲ್ಲ ಕಣೋ. ಅದೆಲ್ಲ ಪೆರೇಡಿಗೆ, ಪಾರ್ಟಿಗೆ."

"ಮತ್ತೆ ಇವರು ದೊಡ್ಡ ಶೂರರು ಅಂತ ಎದುರಾಳಿಗೆ ಹೇಗೆ ಗೊತ್ತಾಗತ್ತೆ?"

ನಾನು ಚಕ್ಕುಲಿ ಬಾಯಿಗೆ ಹಾಕಿಕೊಂಡೆ. ಬಾಯಿ ತುಂಬಿದ್ದಾಗ ಉತ್ತರ ಹೇಳಬೇಕಾಗಿಲ್ಲ. ಆದರೆ ಆ ಪ್ರಶ್ನೆ ರಾತ್ರಿಯೆಲ್ಲ ಸೊಳ್ಳೆಯ ಹಾಗೆ ಗುಂಯ್‌ಗುಟ್ಟಿತು. ಯಾಕೆಂದರೆ ಆ ಸಿನಿಮಾದ ಹಿಂದಿರುವ ನಿಜವಾದ ಕಥೆಯಲ್ಲಿ, ಅವನು ಶೂರನೆಂದು ಗೊತ್ತಿದ್ದದ್ದು ಎದುರಾಳಿಗೆ ಮಾತ್ರ. ನಮ್ಮವರಿಗೆ ಅದು ತಿಳಿದು ಬಿಲ್ಲೆ ಕಳಿಸುವ ಹೊತ್ತಿಗೆ ಇಪ್ಪತ್ತಮೂರು ವರ್ಷ ಕಳೆದಿತ್ತು.

ಬಿಲ್ಲೆ ಎಂದೆ. ಪದಕ ಎನ್ನುವುದು ಪತ್ರಿಕೆಯ ಮಾತು. ನಮ್ಮ ಊರ ಕಡೆ ಎದೆಯ ಮೇಲೆ ಹೊಳೆಯುವ ದುಂಡನೆಯದೆಲ್ಲ ಬಿಲ್ಲೆಯೇ. ತಾಲ್ಲೂಕು ಕಚೇರಿಯ ಜವಾನನ ದವಾಲಿಗೂ ಒಂದು ಹಿತ್ತಾಳೆ ಬಿಲ್ಲೆ ಇರುತ್ತಿತ್ತು. ನಾವು ಹುಡುಗರು ಅಮಲ್ದಾರರಿಗಿಂತ ಆ ಬಿಲ್ಲೆಗೇ ಹೆಚ್ಚು ಹೆದರುತ್ತಿದ್ದೆವು. ಎದೆಗೆ ಸಿಕ್ಕಿಸುವ ಈ ಪದ್ಧತಿ ಬಿಳಿಯರ ಜೊತೆ ಬಂದದ್ದು. ಅದಕ್ಕೂ ಹಿಂದೆ ನಮ್ಮಲ್ಲಿ ಶೌರ್ಯಕ್ಕೆ ಸಿಗುತ್ತಿದ್ದದ್ದು ಕಾಲಿಗೆ ಗಂಡಪೆಂಡೆರ, ಹೆಸರಿಗೆ ಬಿರುದು, ಸತ್ತರೆ ಊರ ಮುಂದೆ ಒಂದು ಕಲ್ಲು, ಹೆಂಡತಿ ಮಕ್ಕಳಿಗೆ ಒಂದಿಷ್ಟು ಗದ್ದೆ. ಆ ಗದ್ದೆಗೆ ಶಾಸನಗಳು ಇಟ್ಟಿರುವ ಹೆಸರು ಕೇಳಿದರೆ ಮೈ ಜುಮ್ಮೆನ್ನುತ್ತದೆ: ನೆತ್ತರುಗೊಡಗೆ. ನೆತ್ತರಿಗೆ ಪ್ರತಿಯಾಗಿ ಕೊಟ್ಟ ಕೊಡುಗೆ. ನಮ್ಮ ಕಾಲದ 'ಕುಟುಂಬ ಪಿಂಚಣಿ' ಅದರ ಮುಂದೆ ಸಪ್ಪೆ ಸಾರು.

ಆತಕೂರಿನ ಶಾಸನದಲ್ಲಿ ಇನ್ನೂ ಸೊಗಸಾದ ಪ್ರಸಂಗವಿದೆ. 949ರಲ್ಲಿ ತಕ್ಕೋಲದಲ್ಲಿ ಚೋಳರ ಮೇಲೆ ರಾಷ್ಟ್ರಕೂಟರು ಗೆದ್ದ ಯುದ್ಧ. ಗಂಗರ ಬೂತುಗನ ಕಡೆಯ ಮಣಲೆರ ಎಂಬವನು ಚೆನ್ನಾಗಿ ಕಾದಿದ. ಮೆಚ್ಚಿದ ದೊರೆ ಏನು ಬೇಕೋ ಕೇಳು ಎಂದ. ಮಣಲೆರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ! ಕೇಳಿ ತಂದ ನಾಯಿ ಮುಂದೆ ಕಾಡುಹಂದಿಯ ಮೇಲೆ ಬಿದ್ದು, ಎರಡೂ ಕಾದಾಡಿ ಸತ್ತವು. ಆ ನಾಯಿಗೂ ಅವನು ಕಲ್ಲು ನಿಲ್ಲಿಸಿದ. ಆ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹಂದಿಯ ಮೇಲೆ ಎಗರಿದ ನಾಯಿಯನ್ನು ಇವತ್ತಿಗೂ ನೋಡಬಹುದು. ಸಾವಿರ ವರ್ಷದ ಹಿಂದೆ ನಾಯಿಯ ಪರಾಕ್ರಮವನ್ನೂ ಕಲ್ಲಿನಲ್ಲಿ ದಾಖಲೆ ಮಾಡಿದ ನಾಡು ನಮ್ಮದು. ಕಾಳಿಯ ಅದೃಷ್ಟ ದೊಡ್ಡದು, ಹಂದಿಯ ಜೊತೆ ಹೋರಾಡುವಾಗ ಪಕ್ಕದಲ್ಲಿ ನೋಡಿದವರಿದ್ದರು.

ವೀರಗಲ್ಲಿನ ಸಾಮಾನ್ಯ ವಿನ್ಯಾಸ ನಿಮಗೆ ಗೊತ್ತೇ ಇದೆ. ಕೆಳಗಿನ ಪಟ್ಟಿಕೆಯಲ್ಲಿ ಯುದ್ಧ, ನಡುವಿನಲ್ಲಿ ಅಪ್ಸರೆಯರು ವೀರನನ್ನು ಮೇಲಕ್ಕೆ ಕರೆದೊಯ್ಯುವುದು, ತುದಿಯಲ್ಲಿ ಕೈಲಾಸ. ಯುದ್ಧವಿಮಾನದ ಪೈಲಟ್‌ಗೆ ವೀರಗಲ್ಲು ಕೆತ್ತುವ ಶಿಲ್ಪಿಯ ಪಾಡೇನು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಯುದ್ಧವೇ ನಡುವಿನ ಪಟ್ಟಿಕೆಯಲ್ಲಿ, ಅಪ್ಸರೆಯರ ಬಡಾವಣೆಯಲ್ಲಿ ನಡೆಯುತ್ತದೆ. ಕೆಳಗಿನ ಪಟ್ಟಿಕೆ ಖಾಲಿ. ಅಲ್ಲಿ ಹೊಲ ಉಳುತ್ತಿರುವ ರೈತನೊಬ್ಬ ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡುತ್ತಿರಬೇಕು, ಅಷ್ಟೆ. ಅವನಿಗೂ ಯಾರು ಯಾರನ್ನು ಹೊಡೆದರೆಂದು ತಿಳಿಯುವುದಿಲ್ಲ.

ಕಾಲಾಳು ಪಡೆಯಲ್ಲಿ ಹಾಗಲ್ಲ. ಪಕ್ಕದಲ್ಲೇ ಇನ್ನೊಬ್ಬ ಇರುತ್ತಾನೆ. ಬದುಕಿ ಬಂದವನು ಸತ್ತವನ ಮಾತು ಹೇಳುತ್ತಾನೆ. ಮೇಲಿನವರು ಬರೆದುಕೊಳ್ಳುತ್ತಾರೆ, ಇನ್ನೂ ಮೇಲಿನವರು ಶಿಫಾರಸು ಮಾಡುತ್ತಾರೆ, ಬಿಲ್ಲೆ ಬರುತ್ತದೆ. ಆಕಾಶದಲ್ಲಿ ಒಬ್ಬನೇ ಹೋಗಿ, ಒಬ್ಬನೇ ಕಾದಿ, ಒಬ್ಬನೇ ಸತ್ತರೆ? ವಾಯುಪಡೆಗಳು ಹುಟ್ಟಿದಾಗಿನಿಂದ ಈ ತಲೆನೋವು ಇದ್ದೇ ಇದೆ. ಮೊದಲ ಮಹಾಯುದ್ಧದ ಜರ್ಮನ್ನರು ನೋಡಿದವರಿಲ್ಲದ ಗೆಲುವನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಆಮೇಲೆ ಬಂದೂಕಿಗೇ ಕ್ಯಾಮೆರಾ ಜೋಡಿಸಿದರು. ಗುಂಡಿ ಒತ್ತಿದರೆ ಗುಂಡೂ ಹಾರಬೇಕು, ಚಿತ್ರವೂ ಮೂಡಬೇಕು. ಆದರೆ ವಿಮಾನವೇ ಮರಳದಿದ್ದರೆ ಕ್ಯಾಮೆರಾ ಎಲ್ಲಿಂದ ಬರಬೇಕು?

ಲೆಕ್ಕದ ಗೀಳಿನಲ್ಲಿ ಜರ್ಮನ್ನರನ್ನು ಮೀರಿಸಿದವರಿಲ್ಲ. ಆ ಯುದ್ಧದಲ್ಲಿ ಅವರ ಪೈಲಟ್‌ಗಳು ಹಂಬಲಿಸುತ್ತಿದ್ದ ಪದಕದ ಹೆಸರು 'ಪೂರ್ ಲ ಮೆರೀಟ್'. ಪ್ರಷ್ಯದ ಪದಕಕ್ಕೆ ಫ್ರೆಂಚ್ ಹೆಸರು, ಅದನ್ನು ಕೊರಳಿಗೆ ಹಾಕಿಕೊಂಡು ಫ್ರೆಂಚರ ಮೇಲೆ ಗುಂಡು! 1916ರ ಮೊದಲಿಗೆ ಎಂಟು ವಿಮಾನ ಉರುಳಿಸಿದರೆ ಸಿಗುತ್ತಿತ್ತು. ಒಂದೇ ವರ್ಷದಲ್ಲಿ ಅದು ಹದಿನಾರಕ್ಕೆ ಏರಿತು, ನಮ್ಮಲ್ಲಿ ಕಾಫಿಪುಡಿ ಬೆಲೆ ಏರುವ ಹಾಗೆ. ಕೆಂಪು ವಿಮಾನದ ರಿಚ್ಟ್‌ಹೋಫನ್‌ಗೆ ಸಿಕ್ಕಿದ್ದು ಆ ಹದಿನಾರರ ದರದಲ್ಲಿ. ಅವನಿಗೆ ಸರ್ಕಾರದ ಬಿಲ್ಲೆಯ ಮೇಲೆ ಅಷ್ಟು ನಂಬಿಕೆ ಇರಲಿಲ್ಲವೋ ಏನೋ, ಪ್ರತಿ ಗೆಲುವಿಗೂ ಬರ್ಲಿನ್ನಿನ ಅಕ್ಕಸಾಲಿಗನಿಂದ ತಾನೇ ಒಂದು ಪುಟ್ಟ ಬೆಳ್ಳಿ ಲೋಟ ಮಾಡಿಸಿಕೊಳ್ಳುತ್ತಿದ್ದ. ಅರವತ್ತು ಲೋಟವಾಗುವ ಹೊತ್ತಿಗೆ ದೇಶದಲ್ಲಿ ಬೆಳ್ಳಿಯೇ ಸಿಗದಾಯಿತು. ಅವನು ನಿಲ್ಲಲಿಲ್ಲ, ಎಂಬತ್ತರವರೆಗೆ ಹೋದ. ಕೊನೆಯ ಇಪ್ಪತ್ತಕ್ಕೆ ಲೋಟವಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಅದೇ ಕೊರಳಿಗೆ 'ನೈಟ್ಸ್ ಕ್ರಾಸ್' ಬಂತು. ಅದಕ್ಕಾಗಿ ಹಾತೊರೆದು ತನ್ನ ಜೊತೆಗಾರರ ಜೀವವನ್ನೂ ಲೆಕ್ಕಿಸದವನನ್ನು ಜರ್ಮನ್ ಸೈನಿಕರು 'ಅವನಿಗೆ ಗಂಟಲುನೋವು' ಎಂದು ಆಡಿಕೊಳ್ಳುತ್ತಿದ್ದರು. ಕೊರಳು ಖಾಲಿ ಇದ್ದರೆ ಬರುವ ನೋವು. ನಮ್ಮಲ್ಲೂ ನವೆಂಬರ್ ಹತ್ತಿರ ಬಂದಂತೆ ಇಂಥ ಗಂಟಲುನೋವು ಊರೆಲ್ಲ ಹರಡುತ್ತದೆ. ಅದಕ್ಕೆ ಕಷಾಯ ನಾಟುವುದಿಲ್ಲ. ಶಾಲು, ಹಾರ, ಮೈಸೂರು ಪೇಟ, ಫಲತಾಂಬೂಲ ಇವೇ ಮದ್ದು.

ನಮ್ಮವರ ಮೊದಲ ಲೆಕ್ಕ ಕಲ್ಕತ್ತೆಯ ಇಂದ್ರಲಾಲ್ ರಾಯ್‌ನದು. ಬ್ರಿಟಿಷರ ಹಾರುವ ದಳಕ್ಕೆ ಸೇರಲು ಹೋದರೆ ಕಣ್ಣು ಸರಿಯಿಲ್ಲ ಎಂದು ವಾಪಸು ಕಳಿಸಿದರು. ಹುಡುಗ ತನ್ನ ಮೋಟರ್ ಸೈಕಲ್ ಮಾರಿ, ಆ ದುಡ್ಡಿನಲ್ಲಿ ದೊಡ್ಡ ಕಣ್ಣಿನ ಡಾಕ್ಟರ ಹತ್ತಿರ ಮತ್ತೊಮ್ಮೆ ಪರೀಕ್ಷೆ ಮಾಡಿಸಿಕೊಂಡು ಬಂದ. 1918ರ ಜುಲೈ ತಿಂಗಳಲ್ಲಿ ಹದಿಮೂರು ದಿನಕ್ಕೆ ಹತ್ತು ಗೆಲುವು. ಅದೇ ತಿಂಗಳ 22ರಂದು ಫ್ರಾನ್ಸಿನ ಆಕಾಶದಲ್ಲಿ ಸತ್ತಾಗ ವಯಸ್ಸು ಹತ್ತೊಂಬತ್ತು. 'ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್' ಎಂಬ ಪದಕ ಆ ವರ್ಷ ಜೂನಿನಲ್ಲಷ್ಟೇ ಹುಟ್ಟಿತ್ತು. ಸತ್ತ ಮೇಲೆ ಅವನಿಗೆ ಬಂತು. ಊದಾ ಬಿಳಿ ಓರೆಗೆರೆಗಳ ರಿಬ್ಬನ್ನಿನ ಅದೇ ಪದಕವನ್ನು 1944ರಲ್ಲಿ ಇಂಫಾಲದ ರಣರಂಗಕ್ಕೇ ಬಂದು ಮೌಂಟ್‌ಬ್ಯಾಟನ್ ಒಬ್ಬ ತರುಣ ಸರ್ದಾರ್ಜಿಯ ಎದೆಗೆ ಸಿಕ್ಕಿಸಿದ. ಆ ಸರ್ದಾರ್ಜಿ ಒಂದನೆಯ ಸ್ಕ್ವಾಡ್ರನ್ನಿನ ನಾಯಕ ಅರ್ಜನ್ ಸಿಂಗ್. ಹೀಗೆ ಮಣ್ಣಿನ ಮೇಲೆ ನಿಂತು, ಎಂಜಿನ್ನಿನ ಬಿಸಿ ಆರುವ ಮುಂಚೆ ಸಿಕ್ಕರೆ ಬಿಲ್ಲೆಗೊಂದು ಬೆಲೆ.

ಆ ಒಂದನೆಯ ಸ್ಕ್ವಾಡ್ರನ್ ನೆನಪಿನಲ್ಲಿರಲಿ, ಮತ್ತೆ ಅಲ್ಲಿಗೇ ಬರುತ್ತೇನೆ.

ಸಾಕ್ಷಿ ಸಿಕ್ಕಿದ ಪುಣ್ಯವಂತರೂ ಇದ್ದಾರೆ. 1940ರ ಆಗಸ್ಟ್ 16ರಂದು ಇಂಗ್ಲೆಂಡಿನ ಸೌತ್ಯಾಂಪ್ಟನ್ ಹತ್ತಿರ ಜೇಮ್ಸ್ ನಿಕಲ್ಸನ್ ಎಂಬವನ ಹರಿಕೇನ್ ವಿಮಾನಕ್ಕೆ ಬೆಂಕಿ ಹತ್ತಿತು. ಹಾರಿಕೊಳ್ಳಬೇಕು ಎನ್ನುವಾಗ ಎದುರಿಗೆ ಜರ್ಮನ್ ವಿಮಾನ ಕಂಡಿತು. ಮತ್ತೆ ಕೂತು, ಕೈ ಸುಡುತ್ತಿರುವಂತೆಯೇ ಗುಂಡಿ ಒತ್ತಿದ. ಆಮೇಲೆ ಪ್ಯಾರಾಶೂಟಿನಲ್ಲಿ ಇಳಿಯುತ್ತಿದ್ದವನಿಗೆ ಕೆಳಗಿದ್ದ ಅವರದೇ ಜನ ಜರ್ಮನ್ ಎಂದು ತಿಳಿದು ಗುಂಡು ಹೊಡೆದರು! ಏನಾದರೂ ಆಗಲಿ, ಕೆಳಗಿನವರು ನೋಡಿದ್ದರು. ಆ ಇಡೀ ಯುದ್ಧದಲ್ಲಿ ಬ್ರಿಟನ್ನಿನ ಫೈಟರ್ ಕಮಾಂಡಿಗೆ ಸಿಕ್ಕ ಒಂದೇ ಒಂದು ವಿಕ್ಟೋರಿಯಾ ಕ್ರಾಸ್ ಅವನದು. ನಮ್ಮ ನಿರ್ಮಲ್‌ಜಿತ್ ಸಿಂಗ್ ಸೇಖೋಂ 1971ರ ಡಿಸೆಂಬರ್ 14ರಂದು ಪಾಕಿಸ್ತಾನದ ಆರು ಸೇಬರ್ ವಿಮಾನಗಳ ನಡುವೆ ತನ್ನ ಪುಟ್ಟ ನ್ಯಾಟ್ ತೂರಿಸಿದ್ದು ಶ್ರೀನಗರದ ವಿಮಾನ ನೆಲೆಯ ನೆತ್ತಿಯ ಮೇಲೇ. ವಾಯುಪಡೆಯ ಏಕೈಕ ಪರಮವೀರ ಚಕ್ರ ಅದು. ಕೊನೆಯವರೆಗೂ ರೇಡಿಯೋದಲ್ಲಿ ಅವನ ದನಿ ಕೇಳುತ್ತಿತ್ತು.

ಪರಮವೀರ ಚಕ್ರದ ಮಾತು ಬಂದದ್ದರಿಂದ, ಅದನ್ನು ಬರೆದ ಕೈಯ ಬಗ್ಗೆ ಒಂದೆರಡು ಮಾತು ಆಡದಿದ್ದರೆ ತಪ್ಪಾದೀತು. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ, ಮರಾಠಿ ಸೇನಾಧಿಕಾರಿ ವಿಕ್ರಮ್ ಖಾನೋಲ್ಕರರ ಕೈಹಿಡಿದು, ಸಾವಿತ್ರಿ ಎಂದು ಹೆಸರು ಬದಲಾಯಿಸಿಕೊಂಡು, ಪುರಾಣ ವೇದಾಂತಗಳನ್ನು ನಮ್ಮ ನಿಮಗಿಂತ ಚೆನ್ನಾಗಿ ಓದಿಕೊಂಡಾಕೆ. ಸ್ವತಂತ್ರ ಭಾರತದ ಪದಕಗಳಿಗೆ ಚಿತ್ರ ಬರೆದುಕೊಡಿ ಎಂದಾಗ ಆಕೆಗೆ ಹೊಳೆದದ್ದು ದಧೀಚಿ. ತನ್ನ ಬೆನ್ನೆಲುಬನ್ನೇ ವಜ್ರಾಯುಧಕ್ಕೆ ಕೊಟ್ಟ ಋಷಿ. ಕಂಚಿನ ಬಿಲ್ಲೆಯ ಸುತ್ತ ನಾಲ್ಕು ವಜ್ರ, ನಡುವೆ ರಾಜಮುದ್ರೆ, ನೇರಳೆ ರಿಬ್ಬನ್. ಅಗಲ ಒಂದೂವರೆ ಅಂಗುಲಕ್ಕೂ ಸ್ವಲ್ಪ ಕಡಿಮೆ. ನನ್ನ ಗೋಣಿಚೀಲದ ಪದಕ ಅದಕ್ಕಿಂತ ದೊಡ್ಡದಿದೆ. ಮೊದಲ ಪರಮವೀರ ಚಕ್ರ ಪಡೆದ ಮೇಜರ್ ಸೋಮನಾಥ ಶರ್ಮಾ ಆಕೆಯ ಅಳಿಯನ ಅಣ್ಣನೇ ಆಗಿದ್ದುದು ವಿಧಿಯ ಕೈವಾಡ. ಮಹಾವೀರ ಚಕ್ರ, ವೀರ ಚಕ್ರಗಳೂ ಆಕೆಯ ಕೈಯವೇ, ಎರಡೂ ಬೆಳ್ಳಿಯವು. ಮೂರನ್ನೂ 1950ರ ಗಣರಾಜ್ಯ ದಿನ ಸ್ಥಾಪಿಸಿದರೂ, ಜಾರಿಯ ತಾರೀಕನ್ನು 1947ರ ಆಗಸ್ಟ್ 15ಕ್ಕೇ ಹಿಂದೆ ಒಯ್ದರು, ಕಾಶ್ಮೀರದಲ್ಲಿ ಕಾದಿದವರಿಗೆ ಸಲ್ಲಲಿ ಎಂದು. ಸರ್ಕಾರ ಮನಸ್ಸು ಮಾಡಿದರೆ ಹಿಂದಿನ ತಾರೀಕು ಹಾಕಲೂ ಬರುತ್ತದೆ ಎಂಬುದಕ್ಕೆ ಇದೊಂದು ಪುರಾವೆ.

ಈಗ ಆ ಸಿನಿಮಾದ ಹಿಂದಿರುವ ನಿಜವಾದ ಪೈಲಟ್, ಅಜ್ಜಮಾಡ ಬೋಪಯ್ಯ ದೇವಯ್ಯ.

ಕೊಡಗಿನವರು, 1932ರ ಡಿಸೆಂಬರಿನಲ್ಲಿ ಹುಟ್ಟಿದವರು. 1954ರಲ್ಲಿ ವಾಯುಪಡೆಗೆ ಸೇರಿ, ಯುದ್ಧ ಬರುವವರೆಗೂ ಹೆಚ್ಚಾಗಿ ಮಾಡಿದ್ದು ಮೇಷ್ಟರ ಕೆಲಸ, ಹುಡುಗರಿಗೆ ಹಾರಾಟ ಕಲಿಸುವುದು. 1965ರ ಸೆಪ್ಟೆಂಬರ್ 6ರ ಸಂಜೆ ಪಾಕಿಸ್ತಾನದ ವಿಮಾನಗಳು ಪಠಾಣಕೋಟೆಯ ಮೇಲೆ ಎರಗಿ ನೆಲದ ಮೇಲೆ ನಿಂತಿದ್ದ ನಮ್ಮ ವಿಮಾನಗಳನ್ನು ಸುಟ್ಟವು. ಮಾರನೆಯ ನಸುಕಿನಲ್ಲೇ ಪ್ರತ್ಯುತ್ತರ: ಆದಂಪುರದಿಂದ ಒಂದನೆಯ ಸ್ಕ್ವಾಡ್ರನ್ನಿನ ಹನ್ನೆರಡು ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಅತಿ ದೊಡ್ಡ ನೆಲೆಯಾದ ಸರ್ಗೋಧಾಕ್ಕೆ ಹೋಗಬೇಕು. ವಾಯುಪಡೆಯ ಮುಖ್ಯಸ್ಥರಾಗಿ ದೆಹಲಿಯಲ್ಲಿ ಕೂತಿದ್ದವರು ಅದೇ ಅರ್ಜನ್ ಸಿಂಗ್; ದಾಳಿಯ ನಾಯಕರು ವಿಂಗ್ ಕಮಾಂಡರ್ ಓಂ ಪ್ರಕಾಶ್ ತನೇಜಾ. ಹನ್ನೆರಡರಲ್ಲಿ ದೇವಯ್ಯನವರ ಹೆಸರಿರಲಿಲ್ಲ. ಅವರು ಕಾದಿರಿಸಿದವರ ಪಟ್ಟಿಯಲ್ಲಿದ್ದರು. ಯಾರದಾದರೂ ವಿಮಾನ ಕೈಕೊಟ್ಟರೆ ಮಾತ್ರ ಇವರ ಸರದಿ.

ಮದುವೆ ಮನೆಯಲ್ಲಿ ಮೊದಲ ಪಂಕ್ತಿಗೆ ಎಲೆ ಸಿಗದೆ ಗೋಡೆಗೆ ಒರಗಿ ನಿಂತವರನ್ನು ನೀವು ನೋಡಿರಬೇಕು. ಯಾರಾದರೂ ಏಳುತ್ತಾರೇನೋ ಎಂದು ಕಣ್ಣು ಅತ್ತಲೇ ಇರುತ್ತದೆ. ದೇವಯ್ಯ ಹಾಗೆ ನಿಂತದ್ದು ಸಾವಿನ ಪಂಕ್ತಿಗೆ. ಒಂದು ವಿಮಾನ ಕೈಕೊಟ್ಟಿತು, ಒಂದು ಎಲೆ ಖಾಲಿಯಾಯಿತು, ಇವರು ಹೋಗಿ ಕೂತರು.

ಮಿಸ್ಟೇರ್‌ಗೆ ಸರ್ಗೋಧಾ ಎಂದರೆ ಇಂಧನದ ಕೊನೆಯ ತೊಟ್ಟಿನವರೆಗಿನ ಪ್ರಯಾಣ. ಹೋಗಿ, ಹೊಡೆದು, ತಡಮಾಡದೆ ತಿರುಗಿದರೆ ಮನೆ. ಅಲ್ಲಿ ಇಲ್ಲಿ ನಿಂತು ಜಗಳ ತೆಗೆದರೆ ದಾರಿಯಲ್ಲೇ ಟ್ಯಾಂಕು ಒಣಗುತ್ತದೆ. ಅಷ್ಟರ ಮೇಲೆ ಮೇಲಿನಿಂದ ಬಂದದ್ದು ಸ್ಟಾರ್‌ಫೈಟರ್. ಅಮೆರಿಕದ ಎಫ್-104; ಸದ್ದಿನ ಎರಡರಷ್ಟು ವೇಗ, ರೆಕ್ಕೆಯೆಂಬುದು ಚಾಕುವಿನ ಅಲಗಿನಷ್ಟು. ಅದರಲ್ಲಿದ್ದವನು ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್. ಮಿಸ್ಟೇರ್ ಸದ್ದಿನ ವೇಗ ದಾಟಬೇಕಾದರೆ ಮೂಗು ಕೆಳಗೆ ಮಾಡಿ ಧುಮುಕಬೇಕು. ಜಟಕಾ ಬಂಡಿಯ ಬೆನ್ನು ಹತ್ತಿದ ರೇಸ್ ಕಾರು ಅನ್ನಿ.

ಅಮ್ಜದನ ಗುಂಡು ದೇವಯ್ಯನವರ ವಿಮಾನಕ್ಕೆ ತಗುಲಿತು. ಕೆಲಸ ಮುಗಿಯಿತು ಎಂದುಕೊಂಡ ಅವನು. ಆದರೆ ಏಟು ತಿಂದ ಮಿಸ್ಟೇರ್ ಓಡಲಿಲ್ಲ, ಅವನ ಮೇಲೇ ತಿರುಗಿತು. ನೇರ ಓಟದಲ್ಲಿ ಸ್ಟಾರ್‌ಫೈಟರನ್ನು ಹಿಡಿಯುವವರಿಲ್ಲ. ಆದರೆ ಗಿರಕಿ ಹೊಡೆಯುವ ಜಗಳಕ್ಕೆ ಇಳಿದರೆ ಅದು ಒಡ್ಡ. ಕಿರಿದಾದ ಸಂದಿಯಲ್ಲಿ ಲಾರಿ ತಿರುಗಿಸುವ ಹಾಗೆ. ಮೇಷ್ಟರು ಅದನ್ನು ಹುಡುಗರಿಗೆ ಎಷ್ಟು ಸಲ ಪಾಠ ಮಾಡಿದ್ದರೋ! ಮುರಿದ ವಿಮಾನದಲ್ಲೇ ಸುತ್ತಿ ಬಂದು ಕ್ಯಾನನ್ ಗುಂಡು ಹಾರಿಸಿದರು. ಸ್ಟಾರ್‌ಫೈಟರ್ ಹೋಯಿತು. ಅಮ್ಜದ್ ಪ್ಯಾರಾಶೂಟಿನಲ್ಲಿ ಇಳಿದು ಉಳಿದ. ದೇವಯ್ಯ ಇಳಿಯಲಿಲ್ಲ. ಆಚೆಯ ಹಳ್ಳಿಯವರೇ ಅಲ್ಲೇ ಹೊಲದ ಹತ್ತಿರ ಮಣ್ಣು ಮಾಡಿದರಂತೆ.

ಇಷ್ಟನ್ನೂ ನಾನು ಕಂಡವನ ಹಾಗೆ ಹೇಳುತ್ತಿದ್ದೇನೆ. ಆದರೆ ಅವತ್ತು ಬೆಳಿಗ್ಗೆ ಆದಂಪುರಕ್ಕೆ ಮರಳಿದ ಹನ್ನೊಂದು ಜನರಲ್ಲಿ ಇದನ್ನು ಕಂಡವನು ಒಬ್ಬನೂ ಇರಲಿಲ್ಲ. ಎಲ್ಲರೂ ನೆಲಕ್ಕೆ ಅಂಟಿಕೊಂಡು ಮನೆಯ ದಾರಿ ಹಿಡಿದಿದ್ದರು. ಹಿಂದೆ ನೋಡಿದರೆ ಒಬ್ಬರಿಲ್ಲ. ಕಾದರು. ಇಂಧನದ ಲೆಕ್ಕ ಹಾಕಿದರು. ಇಷ್ಟು ಹೊತ್ತಿಗೆ ಯಾವ ಮಿಸ್ಟೇರೂ ಆಕಾಶದಲ್ಲಿರಲು ಸಾಧ್ಯವಿಲ್ಲ. ಕಡತದಲ್ಲಿ ಬರೆದದ್ದು ಒಂದು ಪದ: ನಾಪತ್ತೆ. ಮೂವತ್ತೆರಡು ವರ್ಷದ ಮನುಷ್ಯ, ಮನೆಯಲ್ಲಿ ಹೆಂಡತಿ, ಇಬ್ಬರು ಪುಟ್ಟ ಹೆಣ್ಣುಮಕ್ಕಳು. ನಾಪತ್ತೆ ಎನ್ನುವುದು ಸಾವಿಗಿಂತ ಕೆಟ್ಟ ಪದ. ಸತ್ತರೆ ಹದಿಮೂರನೆಯ ದಿನ ಒಂದು ಬರುತ್ತದೆ. ನಾಪತ್ತೆಗೆ ದಿನವಿಲ್ಲ, ಬಾಗಿಲ ಸದ್ದಾದಾಗಲೆಲ್ಲ ಎದ್ದು ಹೋಗಿ ನೋಡಬೇಕು.

ಅದೇ ದಿನ, ಅದೇ ಸರ್ಗೋಧಾದ ಆಕಾಶದಲ್ಲಿ, ಇನ್ನೊಂದು ಬಗೆಯ ಲೆಕ್ಕ ನಡೆದಿತ್ತು. ಪಾಕಿಸ್ತಾನದ ಎಂ. ಎಂ. ಆಲಂ ಎಂಬ ಪೈಲಟ್ ಒಂದೇ ನಿಮಿಷದಲ್ಲಿ ಭಾರತದ ಐದು ಹಂಟರ್‌ಗಳನ್ನು ಉರುಳಿಸಿದ ಎಂದು ಸಾರಿದರು. ಪದಕ ಬಂತು, ಶಾಲೆಯ ಮಕ್ಕಳ ಪಾಠದಲ್ಲಿ ಹೆಸರು ಬಂತು. ಆತ ಒಳ್ಳೆಯ ಪೈಲಟ್ ಎನ್ನುವುದರಲ್ಲಿ ಅನುಮಾನ ಬೇಡ. ಆದರೆ ಆ ಐದರ ಲೆಕ್ಕವನ್ನು ಭಾರತದ ದಾಖಲೆ ಒಪ್ಪುವುದಿಲ್ಲ. ಇವತ್ತಿಗೂ ಎರಡೂ ಕಡೆಯ ಇತಿಹಾಸಕಾರರು ಜಗಳವಾಡುತ್ತಿದ್ದಾರೆ. ಒಂದೇ ದಿನ, ಒಂದೇ ಊರ ಮೇಲೆ, ಒಬ್ಬನ ಖಾತೆಗೆ ಐದು ಜಮೆಯಾಯಿತು. ಇನ್ನೊಬ್ಬನ ಖಾತೆಯೇ ತೆರೆಯಲಿಲ್ಲ.

ಇನ್ನೂ ಒಂದು ವಿಚಿತ್ರ ಇದೆ. 1971ರ ಯುದ್ಧದಲ್ಲಿ ಅಮ್ಜದ್ ಹುಸೇನ್ ಮತ್ತೆ ಸ್ಟಾರ್‌ಫೈಟರ್ ಹತ್ತಿ ಅಮೃತಸರದ ಕಡೆ ಬಂದ. ಈ ಸಲ ನೆಲದ ಮೇಲಿನ ನಮ್ಮ ತೋಪುಗಳು ಹೊಡೆದು ಬೀಳಿಸಿದವು. ಮತ್ತೆ ಪ್ಯಾರಾಶೂಟು, ಮತ್ತೆ ಉಳಿದ, ಆದರೆ ಇಳಿದದ್ದು ನಮ್ಮ ನೆಲದ ಮೇಲೆ. ದೇವಯ್ಯನವರ ಕೊನೆಯ ಕ್ಷಣಗಳನ್ನು ಕಣ್ಣಾರೆ ಕಂಡ ಒಬ್ಬನೇ ಒಬ್ಬ ಮನುಷ್ಯ ಯುದ್ಧಕೈದಿಯಾಗಿ ನಮ್ಮ ಕೈಯಲ್ಲೇ ಇದ್ದ, ನಮ್ಮ ಅನ್ನವನ್ನೇ ಉಣ್ಣುತ್ತಿದ್ದ. ಕೈದಿಗಳನ್ನು ವಿಚಾರಿಸುವವರು ಕೇಳುವುದು ಬೇರೆ ಪ್ರಶ್ನೆಗಳನ್ನು. ಅವನು ಊರಿಗೆ ಹೋದ, ಕಡತ ಇದ್ದಲ್ಲೇ ಇತ್ತು.

ಕೊನೆಗೆ ಮಾತಾಡಿದ್ದು ಒಂದು ಪುಸ್ತಕ. ಜಾನ್ ಫ್ರಿಕರ್ ಎಂಬ ಇಂಗ್ಲಿಷ್ ಬರಹಗಾರ ಪಾಕಿಸ್ತಾನದ ವಾಯುಪಡೆಯ ಬೆಂಬಲದಿಂದ, ಅವರ ದಾಖಲೆಗಳನ್ನೇ ನೋಡಿ, 1965ರ ವಾಯುಯುದ್ಧದ ಮೇಲೆ ಪುಸ್ತಕ ಬರೆದ. 1979ರಲ್ಲಿ ಅದು ಅಚ್ಚಾಯಿತು. ತಮ್ಮ ಪಡೆಯ ಹಿರಿಮೆಗೆಂದು ಬರೆಸಿದ ಪುಸ್ತಕದ ನಡುವೆ ಸರ್ಗೋಧಾದ ಆ ಬೆಳಗು ಬಂದುಬಿಟ್ಟಿತ್ತು: ಭಾರತದ ಒಂದು ಮಿಸ್ಟೇರ್ ಏಟು ತಿಂದ ಮೇಲೂ ತಿರುಗಿ ನಿಂತು ಸ್ಟಾರ್‌ಫೈಟರ್ ಒಂದನ್ನು ಕೆಡವಿತು ಎಂದು. ಪೈಲಟ್‌ನ ಹೆಸರಿಲ್ಲ. ಹೆಸರು ಆದಂಪುರದವರಿಗೆ ಗೊತ್ತಿತ್ತು. ಅವತ್ತು ಮರಳದ ಮಿಸ್ಟೇರ್ ಒಂದೇ. ತಿಳಿದ ತನೇಜಾ ಸುಮ್ಮನೆ ಕೂರಲಿಲ್ಲ. ತನ್ನ ಹುಡುಗನಿಗೆ ಸಲ್ಲಬೇಕಾದದ್ದು ಸಲ್ಲಲಿ ಎಂದು ನಿವೃತ್ತಿಯಾದ ಮೇಲೂ ಸರ್ಕಾರಕ್ಕೆ ಬರೆದರು. ನನಗೆ ಈ ಕಥೆಯಲ್ಲಿ ದೇವಯ್ಯನವರಷ್ಟೇ ತನೇಜಾ ಅವರೂ ಇಷ್ಟ. ಇಪ್ಪತ್ತು ವರ್ಷ ಕಳೆದ ಮೇಲೆ ಸತ್ತವನ ಪರವಾಗಿ ಅರ್ಜಿ ಬರೆಯಲು ಬೇಕಾದ ತಾಳ್ಮೆಗೆ ಯಾವ ಚಕ್ರವೂ ಇಲ್ಲ.

1988ರಲ್ಲಿ ಬಂತು. ಮಹಾವೀರ ಚಕ್ರ, ಅರ್ಧ ಬಿಳಿ ಅರ್ಧ ಕಿತ್ತಳೆ ರಿಬ್ಬನ್ನಿನಲ್ಲಿ ಒಂದು ಬೆಳ್ಳಿ ಬಿಲ್ಲೆ. ಪತ್ನಿ ಹೋಗಿ ತೆಗೆದುಕೊಂಡರು. ತಂದೆಯ ಮುಖ ಸರಿಯಾಗಿ ನೆನಪಿಲ್ಲದ ಮಕ್ಕಳು ಅಷ್ಟು ಹೊತ್ತಿಗೆ ತಂದೆ ಹೋದ ವಯಸ್ಸಿನ ಹತ್ತಿರ ಬಂದಿದ್ದರು. ನಮ್ಮ ವಾಯುಪಡೆಯಲ್ಲಿ ಮರಣೋತ್ತರವಾಗಿ ಮಹಾವೀರ ಚಕ್ರ ಪಡೆದವರು ಇವರೊಬ್ಬರೇ. ಶಿಫಾರಸಿಗೆ ಆಧಾರ ಶತ್ರುವಿನ ಮನೆಯ ಪುಸ್ತಕ. ಸತ್ಯಹರಿಶ್ಚಂದ್ರನ ಕಾಲದಿಂದ ಇವತ್ತಿನವರೆಗೆ ಯಾವ ನ್ಯಾಯಾಲಯದಲ್ಲೂ ಎದುರು ಪಕ್ಷದವನ ಒಪ್ಪಿಗೆಗಿಂತ ಗಟ್ಟಿ ಸಾಕ್ಷ್ಯವಿಲ್ಲ ಎಂದು ನನ್ನ ವಕೀಲ ಗೆಳೆಯ ಹೇಳುತ್ತಿರುತ್ತಾನೆ. ಅವನ ಬಹುಪಾಲು ಮಾತಿಗೆ ನಾನು ತಲೆಯಾಡಿಸುವುದಿಲ್ಲ, ಇದಕ್ಕೆ ಆಡಿಸುತ್ತೇನೆ.

ಕಣ್ಣಿಗೆ ಕಂಡದ್ದೂ ಕೆಲವು ಸಲ ಪೂರ್ತಿ ನಿಜವಲ್ಲ. 1971ರ ನವೆಂಬರ್ 22ರಂದು ಪೂರ್ವ ಪಾಕಿಸ್ತಾನದ ಗಡಿಯ ಬೊಯ್ರಾದ ಮೇಲೆ ನಮ್ಮ ನಾಲ್ಕು ನ್ಯಾಟ್‌ಗಳು ಮೂರು ಸೇಬರ್‌ಗಳನ್ನು ತಗುಲಿಕೊಂಡವು. ಮ್ಯಾಸಿ, ಲಜಾರಸ್, ಗಣಪತಿ, ಮೂವರಿಗೂ ವೀರ ಚಕ್ರ. ಕೊನೆಯವರು ಎಂ. ಎ. ಗಣಪತಿ, ಇವರದೂ ಕೊಡವರ ಹೆಸರೇ. ಮೂರೂ ಬಿದ್ದವು ಎಂದು ಸುದ್ದಿಯಾಯಿತು. ಬಿದ್ದದ್ದು ಎರಡು, ಮೂರನೆಯದು ಕುಂಟುತ್ತ ಢಾಕಾ ಸೇರಿಕೊಂಡಿತು. ಸೆರೆಸಿಕ್ಕ ಇಬ್ಬರಲ್ಲಿ ಒಬ್ಬನಾದ ಪರ್ವೇಜ್ ಮೆಹ್ದಿ ಕುರೇಶಿ ಮುಂದೆ 1997ರಲ್ಲಿ ಪಾಕಿಸ್ತಾನದ ವಾಯುಪಡೆಗೇ ಮುಖ್ಯಸ್ಥನಾದ! ನ್ಯಾಟ್ ಎಂದರೆ ಒಂಬತ್ತು ಮೀಟರ್ ಉದ್ದದ ಗುಬ್ಬಿ. ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲೇ ತಯಾರಾಗುತ್ತಿತ್ತು. ಅದರ ತಮ್ಮನಾದ 'ಅಜೀತ್' ಅಲ್ಲಿನ ಸಂಗ್ರಹಾಲಯದ ಅಂಗಳದಲ್ಲಿ ನಿಂತಿದೆ. ಹೋದ ವರ್ಷ ಮೊಮ್ಮಗ ಅದರ ಪಕ್ಕ ನಿಂತು ಅಳತೆ ನೋಡಿ, "ಇದು ನಮ್ಮ ಸ್ಕೂಲ್ ಬಸ್ಸಿಗಿಂತ ಚಿಕ್ಕದು ತಾತ" ಎಂದು ಬೇಜಾರು ಮಾಡಿಕೊಂಡಿದ್ದ.

ಸಿನಿಮಾ ನೋಡಿದ ಮೇಲೆ ಅವನ ಹಟಕ್ಕೇ ಮಡಿಕೇರಿಗೆ ಹೋದದ್ದು. ಪೇಟೆಯ ವೃತ್ತದಲ್ಲಿ ದೇವಯ್ಯನವರ ಪ್ರತಿಮೆ ಇದೆ. ಮಳೆ ಹನಿಯುತ್ತಿತ್ತು, ವಾಹನಗಳು ಹಾರನ್ ಹೊಡೆಯುತ್ತ ಸುತ್ತಿ ಹೋಗುತ್ತಿದ್ದವು. ಮೊಮ್ಮಗ ನನ್ನ ಫೋನಿನಲ್ಲಿ ಚಿತ್ರ ತೆಗೆಯುತ್ತಿದ್ದ. ಅಂಗಡಿಯ ಚಾವಣಿ ಕೆಳಗೆ ಕೊಡೆ ಮಡಿಸಿ ನಿಂತಿದ್ದ ಹಿರಿಯರೊಬ್ಬರು ನನ್ನನ್ನೇ ನೋಡುತ್ತಿದ್ದರು.

"ಎಲ್ಲಿಂದ ಬಂದದ್ದು?"

"ಬೆಂಗಳೂರಿಂದ. ದೇವಯ್ಯನವರ ಪ್ರತಿಮೆ ನೋಡೋಣ ಅಂತ."

"ಯಾವ ದೇವಯ್ಯ?" ಅವರು ಹುಬ್ಬೇರಿಸಿದರು. "ಇಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ನಿಂತು ದೇವಯ್ಯ ಅಂತ ಕೂಗಿ, ಹತ್ತು ಜನ ತಿರುಗಿ ನೋಡ್ತಾರೆ. ಅಜ್ಜಮಾಡ ದೇವಯ್ಯ ಅನ್ನಬೇಕು. ಮನೆ ಹೆಸರು ಮೊದಲು."

ತಪ್ಪಾಯಿತು ಎಂದೆ. ಸಿನಿಮಾದಲ್ಲಿ ಆ ಹೆಸರೇ ಇಲ್ಲ, ಇನ್ನೇನೋ ಇಟ್ಟಿದ್ದಾರೆ ಎಂದೂ ಹೇಳಿದೆ. ಗೊತ್ತುಂಟು ಎಂಬಂತೆ ತಲೆಯಾಡಿಸಿದರು. ಆ ವಿಷಯ ಅವರಿಗೆ ಹಿಡಿಸಲಿಲ್ಲ ಎಂಬುದು ಮುಖದಲ್ಲೇ ಇತ್ತು.

"ನಿಮ್ಮ ಮನೆ ಹೆಸರು ಏನು?"

"ನಮ್ಮ ಕಡೆ ಹಾಗಿಲ್ಲ. ಇನಿಷಿಯಲ್ ಇಟ್ಕೋತೀವಿ, ಎರಡು ಅಕ್ಷರ."

"ಎರಡು ಅಕ್ಷರ," ಎಂದು ಅವರು ಒಂದು ಕ್ಷಣ ಯೋಚಿಸಿದರು. ಆಮೇಲೆ ಮೊಮ್ಮಗನ ಕಡೆ ತಿರುಗಿ, "ಸೆಪ್ಟೆಂಬರ್ ಏಳಕ್ಕೆ ಬಾ ಮಗ. ಅವತ್ತು ಹೂವು ಹಾಕಿರ್ತಾರೆ, ಫೋಟೋ ಚೆಂದ ಬರ್ತದೆ," ಎಂದು ಕೊಡೆ ಬಿಚ್ಚಿಕೊಂಡು ಮಳೆಗೆ ಇಳಿದರು.